ಅಜ್ಜನ ಕಣ್ಣು ಬೇರೆ, ಕೂಸಿನ ಕಣ್ಣು ಬೇರೆ

ನನ್ನ ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ. ಫ್ಲ್ಯಾಶ್ ಬಿದ್ದ ಎರಡೂ ಕಣ್ಣಿನ ಪಾಪೆಯಲ್ಲಿ ಹಾಲಿನ ಹನಿಯಂಥ ಬಿಳುಪು. ಮುದ್ದೇಬಿಹಾಳದ ಮನೆ ತುಂಬ ಜನ. "ಬೆಕ್ಕಿನ ಕಣ್ಣಾಕಿ, ಪುಣ್ಯವಂತಿ ಅದಾಳ" ಎಂದರು ಒಬ್ಬ ಆಯಿ. ನಾವೂ ನಕ್ಕೆವು. ಆ ನಗು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಮೂರು ತಿಂಗಳಾದರೂ ಕೂಸು ಅವ್ವನ ಮುಖ ನೋಡಿ ನಗಲಿಲ್ಲ. ದನಿ ಬಂದ ಕಡೆಗಷ್ಟೇ ತಿರುಗುತ್ತಿತ್ತು. ಮೊದಲು ತೋರಿಸಿದ ಕಡೆ ಪೊರೆ ಎಂದು ಗುರುತಿಸಿದರು. ಆದರೆ ವರ್ಷ ತುಂಬಲಿ ಎಂದು ವಾಪಸ್ ಕಳಿಸಿದರು. ಎರಡು ತಿಂಗಳು ಸುಮ್ನೆ ಹೋಯಿತು. ಹುಬ್ಬಳ್ಳಿಯಲ್ಲಿ ಮಕ್ಕಳ ಕಣ್ಣಿನ ಡಾಕ್ಟರ್ ಹೇಳಿದ್ದೇ ಬೇರೆ. ಹುಟ್ಟಿನಿಂದ ದಟ್ಟ ಪೊರೆ ಇದ್ದರೆ ಮೊದಲ ಎರಡು ತಿಂಗಳ ಆಸುಪಾಸಿನಲ್ಲೇ ತೆಗೆಯಬೇಕು. ನೋಡೋದನ್ನು ಕಲಿಯುವುದು ಮಿದುಳು. ಆ ದಿನಗಳಲ್ಲಿ ಬೆಳಕು ಸರಿಯಾಗಿ ಒಳಗೆ ಹೋಗದಿದ್ದರೆ, ಆಮೇಲೆ ಎಂಥ ಲೆನ್ಸ್ ಹಾಕಿದರೂ ಕಣ್ಣು ಮಂದವೇ ಉಳಿಯಬಹುದು.

ಆಪರೇಷನ್ ಆಯಿತು. ಆದರೆ ಲೆನ್ಸ್ ಹಾಕಲಿಲ್ಲ. ನಮ್ಮ ಅಪ್ಪನಿಗೆ ಸಿಟ್ಟು. ತನಗೆ ಪೊರೆ ತೆಗೆದ ದಿನವೇ ಲೆನ್ಸ್ ಹಾಕಿ, ಮರುದಿನ ಮನೆಗೆ ಕಳಿಸಿದ್ದರಲ್ವಾ! ಡಾಕ್ಟರ್ ತಾಳ್ಮೆಯಿಂದ ತಿಳಿಸಿದರು. ಹುಟ್ಟಿದ ಕೂಸಿನ ಕಣ್ಣುಗುಡ್ಡೆ ಸುಮಾರು 17 ಮಿಲಿಮೀಟರ್ ಉದ್ದ, ದೊಡ್ಡವರದ್ದು 23-24. ಇವತ್ತು ಸರಿಹೊಂದುವ ನಂಬರಿನ ಲೆನ್ಸ್ ಎರಡು ವರ್ಷಕ್ಕೆ ತಪ್ಪು ನಂಬರ್ ಆಗುತ್ತದೆ. ಎಳೆ ಕಣ್ಣಿನಲ್ಲಿ ಲೆನ್ಸ್ ಹಿಂದೆ ಪೊರೆ ಮತ್ತೆ ಕಟ್ಟುವುದೂ ಜಾಸ್ತಿ. ಆಮೇಲೆ ನಾನೇ ಹುಡುಕಿ ಓದಿದೆ. ಅಮೆರಿಕದಲ್ಲಿ ಒಂದೇ ಕಣ್ಣಲ್ಲಿ ಪೊರೆಯಿದ್ದ, ಏಳು ತಿಂಗಳೂ ತುಂಬದ 114 ಕೂಸುಗಳ ಮೇಲೆ ಅಧ್ಯಯನ ನಡೆದಿದೆ. ಒಳಗೆ ಲೆನ್ಸ್ ಹಾಕಿದವರಿಗೂ, ಹೊರಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಿಗೂ ಕೊನೆಗೆ ದೃಷ್ಟಿ ಹೆಚ್ಚುಕಡಿಮೆ ಒಂದೇ. ಮತ್ತೆ ಆಪರೇಷನ್ ಜಾಸ್ತಿ ಬೇಕಾದದ್ದು ಒಳಗೆ ಹಾಕಿದವರಿಗೆ.

ಹಾಗಾಗಿ ನಮ್ಮ ಹುಡುಗಿಗೆ ನಾಲ್ಕು ವರ್ಷ ದಪ್ಪ ಕನ್ನಡಕ. ತಲೆಗೆ ಎಲಾಸ್ಟಿಕ್ ಪಟ್ಟಿ. ಅವಳು ಕಿತ್ತೆಸೆಯುವುದು, ತಂಗಿ ಮತ್ತೆ ಹಾಕುವುದು. ಎಡಗಣ್ಣು ಹೆಚ್ಚು ಮಂದ, ಅದನ್ನು ದುಡಿಸಲು ಚೆನ್ನಾಗಿ ಕಾಣುವ ಬಲಗಣ್ಣನ್ನೇ ದಿನಾ ಮುಚ್ಚುವ ಪ್ಯಾಚ್. ಮಗು ಅಳುತ್ತಿತ್ತು, ತಂಗಿ ಅಡುಗೆಮನೆಗೆ ಹೋಗಿ ಅಳುತ್ತಿದ್ದಳು. ಆಪರೇಷನ್‌ಗೆ ಒಂದು ತಾಸು ಹಿಡಿದಿರಬಹುದು. ಈ ಕೆಲಸಕ್ಕೆ ವರ್ಷಗಳೇ ಹಿಡಿದವು, ಮಾಡಿದವಳು ತಂಗಿ. "ಕೂಸಿಗ್ಯಾಕ ಇಷ್ಟು ಕಾಟ ಕೊಡ್ತಿ?" ಎಂದು ಅವಳಿಗೆ ಕೇಳಿದವರ ಮೇಲೆ ನನಗೆ ಈಗಲೂ ಕೋಪವಿದೆ.

ಹೋದ ವರ್ಷ ಎರಡೂ ಕಣ್ಣಿಗೆ ಲೆನ್ಸ್ ಕೂರಿಸಿದರು. ಕನ್ನಡಕ ಬಿಟ್ಟಿಲ್ಲ, ತೆಳುವಾಗಿದೆ ಅಷ್ಟೇ. ಒಳಗೆ ಹಾಕಿದ ಲೆನ್ಸ್ ಹತ್ತಿರಕ್ಕೆ, ದೂರಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ.

ನಿಮ್ಮ ಮನೆಯ ಕೂಸಿನ ಫೋಟೋಗಳನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ಕಣ್ಣಲ್ಲಿ ಬಿಳುಪು ಕಂಡರೆ ನಾಳೆಯೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಅದು ಪೊರೆಯೇ ಆಗಿರಬೇಕೆಂದಿಲ್ಲ, ಕಣ್ಣಿನ ಕ್ಯಾನ್ಸರ್ ಕೂಡ ಹಾಗೇ ಕಾಣುತ್ತದೆ. ಮಕ್ಕಳ ಆರೋಗ್ಯ ನೋಡಲು ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡದವರಿಗೂ ತೋರಿಸಿ, ಹುಟ್ಟುಪೊರೆ ಅವರ ತಪಾಸಣೆಯ ಪಟ್ಟಿಯಲ್ಲಿದೆ. ಮಕ್ಕಳಿಗೆ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆಯನ್ನೂ ತಪ್ಪಿಸಬೇಡಿ. ಬಸುರಿಗೆ ರುಬೆಲ್ಲಾ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಪೊರೆ ಬರಬಹುದು.

ಈ ಸಂಕ್ರಾಂತಿಗೆ ಹೋದಾಗ ಅವಳು ಬಲಗಣ್ಣಿಗೆ ಪ್ಯಾಚ್ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಕೈಯಲ್ಲಿ ಸಜ್ಜಿ ರೊಟ್ಟಿ. ಮುಖಕ್ಕೆ ಹತ್ತಿರ ಹಿಡಿದು ಒಂದೊಂದೇ ಎಳ್ಳು ಬಿಡಿಸಿ ತಿನ್ನುತ್ತಿದ್ದಳು. "ದೊಡ್ಡವ್ವ, ಇಲ್ಲೊಂದು ಕರಿ ಎಳ್ಳು ಐತಿ" ಎಂದು ನನಗೆ ತೋರಿಸಿದಳು.