811 ಜನರಿಗೊಬ್ಬ ಡಾಕ್ಟರು, ನಿಮ್ಮವರು ಎಲ್ಲಿ?

ನಿಮ್ಮ ಪಾಲಿಗೂ ಒಬ್ಬ ಡಾಕ್ಟರ್ ಇದ್ದಾರೆ. ಸುಮ್ನೆ ಹೇಳುತ್ತಿಲ್ಲ. ದೇಶದಲ್ಲಿ 811 ಜನರಿಗೆ ಒಬ್ಬ ವೈದ್ಯ ಎಂದು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೇ ಲೆಕ್ಕ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಲ್ಲಿ ಎಲ್ಲರೂ ಹೇಳುವ ಅಳತೆ ಸಾವಿರಕ್ಕೆ ಒಬ್ಬರು. ಅಂದರೆ ನಾವು ಪಾಸ್. ಪಾಸ್ ಏನು ಬಂತು, ಫಸ್ಟ್ ಕ್ಲಾಸ್!

ಇಷ್ಟಾದ ಮೇಲೂ ಭಾರತೀಯ ವೈದ್ಯಕೀಯ ಸಂಘದವರಿಗೆ ಸಮಾಧಾನವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಜನ ಸಾಲದು, ಡ್ಯೂಟಿಗೆ ಹೊತ್ತು ಗೊತ್ತಿಲ್ಲ, ರೋಗಿ ಕಡೆಯವರು ಕೈ ಎತ್ತುತ್ತಾರೆ ಎಂದು ಅದೇ ರಾಗ. ಭಾಗಾಕಾರ ಬಾರದವರು, ಪಾಪ.

ಈ 811 ಬಂದ ಬಗೆ ಚೆನ್ನಾಗಿದೆ. ನೋಂದಾಯಿತ ಅಲೋಪತಿ ವೈದ್ಯರು ಸುಮಾರು 13.86 ಲಕ್ಷ. ಆಯುಷ್, ಅಂದರೆ ಆಯುರ್ವೇದ, ಹೋಮಿಯೋಪತಿಯಂಥ ಪದ್ಧತಿಗಳ ವೈದ್ಯರು 7.51 ಲಕ್ಷ. ಎರಡನ್ನೂ ಕೂಡಿಸಬೇಕು. ಇವರಲ್ಲಿ ತೀರಿಹೋದವರು, ಲಂಡನ್ ಸೇರಿದವರು, ಸ್ಟೆತಾಸ್ಕೋಪ್ ಬಿಟ್ಟು ರಾಜಕೀಯ ಹಿಡಿದವರು ಎಷ್ಟೋ ಇರಬಹುದು. ಅದಕ್ಕೇ ನೂರಕ್ಕೆ 80 ಮಂದಿ ಲಭ್ಯ ಅಂದುಕೊಳ್ಳಬೇಕು. ಅಂದುಕೊಳ್ಳೋದಕ್ಕೆ ದುಡ್ಡೇನೂ ಬೇಡ ಅಲ್ವಾ? ಆಯುರ್ವೇದದಲ್ಲಿ ಪಿಜಿ ಮಾಡಿದವರಿಗೆ 58 ಬಗೆಯ ಶಸ್ತ್ರಚಿಕಿತ್ಸೆಗೆ ಅವಕಾಶ ಕೊಡಬೇಡಿ ಎಂದು ಇದೇ ಸಂಘ 2020ರ ಡಿಸೆಂಬರ್ 11ರಂದು ಮುಷ್ಕರ ಮಾಡಿತ್ತು. ಆಪರೇಷನ್ ಥಿಯೇಟರಿನಲ್ಲಿ ಜೊತೆ ನಿಲ್ಲದ ಇಬ್ಬರನ್ನು ಒಂದೇ ಲೆಕ್ಕದಲ್ಲಿ ಕೂರಿಸಿದ ಪುಣ್ಯ ಸಚಿವಾಲಯದ್ದು.

ಸರಿ, ನಿಮ್ಮ ಪಾಲಿನ ಡಾಕ್ಟರನ್ನು ಹುಡುಕೋಣ. ಬೆಳಿಗ್ಗೆ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಹೋಗಿ. ಚೀಟಿ ಹಿಡಿದವರ ಸಾಲು ಕಾಂಪೌಂಡ್ ದಾಟಿದೆ. ಕುರ್ಚಿ ಇದೆ. ಕುರ್ಚಿಯ ಮೇಲೆ ಟವೆಲ್ ಇದೆ. "ಸಾರ್ ಡಿಎಚ್‌ಒ ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬನ್ನಿ." ನಾಳೆ ಹೋದರೆ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿರುತ್ತಾರೆ. ನಾಡಿದ್ದು ಮಂತ್ರಿಗಳು ಬರುತ್ತಾರೆ, ಡಾಕ್ಟರು ಅವರ ಕಾರಿನ ಹಿಂದೆ ಆಂಬುಲೆನ್ಸಿನಲ್ಲಿ. ಮಂತ್ರಿಗಳಿಗೆ ಕೆಮ್ಮೂ ಇಲ್ಲ. ಆದರೂ ಅವತ್ತಿನ ಮಟ್ಟಿಗೆ ಅನುಪಾತ ಒಬ್ಬರಿಗೆ ಒಬ್ಬರು. ಜಗತ್ತಿನಲ್ಲೇ ಇಷ್ಟು ಒಳ್ಳೆಯ ಅಂಕಿ ಇನ್ನೆಲ್ಲಿದೆ!

ಮೆಡಿಕಲ್ ಕಾಲೇಜುಗಳಲ್ಲಿ ಈ ಚಿಂತೆ ಇಲ್ಲ. ಅಲ್ಲಿ ಬೋಧಕ ವೈದ್ಯರಿಗೆ 2025ರ ಮೇ 1ರಿಂದ ಮೊಬೈಲಿಗೆ ಮುಖ ತೋರಿಸಿ ಹಾಜರಿ, ಜಿಪಿಎಸ್ ಸಮೇತ. "36 ಗಂಟೆ ಆಯ್ತು, ಹೋಗಿ ಮಲಗಪ್ಪ" ಎನ್ನುವ ಆ್ಯಪ್ ಮಾತ್ರ ಇನ್ನೂ ಬಂದಿಲ್ಲ.

36 ಗಂಟೆ ನಾನು ಉಪ್ಪು ಖಾರ ಹಚ್ಚಿ ಹೇಳಿದ್ದಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ಆಯಿತು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ತುರ್ತು ಚಿಕಿತ್ಸೆ ಬಿಟ್ಟು ಉಳಿದ ಕೆಲಸವನ್ನು ಸಂಘ ಆಗಸ್ಟ್ 17ರಿಂದ 24 ಗಂಟೆ ನಿಲ್ಲಿಸಿತು. ಆಕೆಯ 36 ಗಂಟೆಯ ಪಾಳಿ ನೋಡಿ, ಮಲಗಲು ಒಂದು ಸುರಕ್ಷಿತ ಕೋಣೆ ಕೊಡಿ, ವೈದ್ಯರ ಮೇಲಿನ ಹಲ್ಲೆ ತಡೆಯಲು ಕೇಂದ್ರದ ಕಾನೂನು ತನ್ನಿ ಎಂದು ಕೇಳಿತು. ನಗು ಬರುವುದು ಸಿಕ್ಕ ಉತ್ತರಗಳನ್ನು ಓದಿದಾಗ.

ಸುಪ್ರೀಂ ಕೋರ್ಟ್ ನೇಮಿಸಿದ ಕಾರ್ಯಪಡೆ, ಕೇಂದ್ರದ ಬೇರೆ ಕಾನೂನು ಬೇಕಿಲ್ಲ, ರಾಜ್ಯಗಳ ಕಾನೂನೇ ಸಾಕು ಎಂದಿತು. ನಿಜ, ಕರ್ನಾಟಕದಲ್ಲಿ 2009ರಿಂದಲೇ ಇದೆ. ಹೊಡೆಯಲು ಬರುವವರು ಅದನ್ನು ಓದಿಕೊಂಡು ಬರುವುದಿಲ್ಲ, ಅಷ್ಟೇ.

ಮುಷ್ಕರದ ಹಿಂದಿನ ದಿನವೇ ದೆಹಲಿಯಿಂದ ಒಂದು ಸುತ್ತೋಲೆಯೂ ಹೊರಟಿತ್ತು. ಹಲ್ಲೆಯಾದರೆ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಎಫ್‌ಐಆರ್ ಮಾಡಿಸಬೇಕು, ಹೊಣೆ ಅವರದೇ. ಇದು ಕೇಂದ್ರದ ಆಸ್ಪತ್ರೆಗಳಿಗೆ, ಮೆಡಿಕಲ್ ಕಾಲೇಜುಗಳಿಗೆ ಹೇಳಿದ್ದು. ನಮ್ಮ ಹೋಬಳಿಗೂ ಇಳಿದರೆ ಏನಾಗುತ್ತದೆ ನೋಡಿ. ಅಲ್ಲಿ ಇರುವುದೇ ಒಬ್ಬ ಡಾಕ್ಟರು. ಪೆಟ್ಟು ತಿಂದವರೂ ಅವರೇ, ಸಂಸ್ಥೆಯ ಮುಖ್ಯಸ್ಥರೂ ಅವರೇ. ದೂರು ಅವರೇ ಬರೆಯಬೇಕು. ಸ್ಟೇಷನ್ನಿನಲ್ಲಿ ಗಾಯದ ಸರ್ಟಿಫಿಕೇಟ್ ಕೇಳುತ್ತಾರೆ, ಅದನ್ನೂ ಅವರೇ ಬರೆದುಕೊಳ್ಳಬೇಕು. ಬಲಗೈ ಊದಿಕೊಂಡಿದ್ದರೆ ಎಡಗೈಯಲ್ಲಿ ಬರೆಯಲಿ ಬಿಡಿ. ಡಾಕ್ಟರ ಅಕ್ಷರದಲ್ಲಿ ಯಾರಿಗೆ ವ್ಯತ್ಯಾಸ ಗೊತ್ತಾಗುತ್ತೆ?