ನಾಲಿಗೆಗೆ ಟೋಪಿ

ಹಾಗಲಕಾಯಿ ಗೊಜ್ಜು ಮಾಡುವವರು ಒಂದು ಲೆಕ್ಕದಲ್ಲಿ ಪಕ್ಕಾ ವಂಚಕರು. ಕಾಲು ಕಿಲೋ ಕಾಯಿ ಹೆಚ್ಚಿ, ಬೀಜ ತೆಗೆದು, ಒಂದು ಚಮಚ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟು ಹಿಂಡಿದರೆ ಕಹಿಯ ಒಂದು ಪಾಲು ನೀರಿನೊಡನೆ ಇಳಿದುಹೋಗುತ್ತದೆ, ನಿಜ. ಉಳಿದ ಪಾಲು ಹೋಳಿನೊಳಗೇ ಇರುತ್ತದೆ. ಹುಣಸೆರಸ, ಬೆಲ್ಲ ಹಾಕಿ ಎಷ್ಟು ಕುದಿಸಿದರೂ ಅದು ಗೊಜ್ಜು ಬಿಟ್ಟು ಕದಲುವುದಿಲ್ಲ. ಆದರೂ ತಿನ್ನುವವರು ‘ಕಹಿಯೇ ಇಲ್ಲವಲ್ಲ!’ ಎನ್ನುತ್ತಾ ಇನ್ನೊಂದು ತುತ್ತು ಕಲಸುತ್ತಾರೆ.

ಮೋಸ ನಡೆದದ್ದೆಲ್ಲಿ ಎಂದು ತಿಳಿಯಲು ಮೊದಲು ನಾಲಿಗೆಯನ್ನೇ ನೋಡಬೇಕು. ಕನ್ನಡಿ ಮುಂದೆ ನಿಂತು, ನಾಲಿಗೆಯ ತುದಿಯನ್ನು ಬಟ್ಟೆಯಿಂದ ಒರೆಸಿ, ಅಡುಗೆಗೆ ಬಳಸುವ ನೀಲಿ ಬಣ್ಣವನ್ನು ಹತ್ತಿಯ ಕಡ್ಡಿಯಿಂದ ಸವರಿ. ಸುತ್ತಲೂ ನೀಲಿಯಾದಾಗ ನಡುನಡುವೆ ಗುಲಾಬಿ ಚುಕ್ಕೆಗಳು ಉಳಿಯುತ್ತವೆ. ಅವನ್ನೇ ರುಚಿಮೊಗ್ಗು ಎಂದುಕೊಳ್ಳುವವರು ಬಹಳ. ಅವು ಬರೀ ಉಬ್ಬುಗಳು. ಮೊಗ್ಗುಗಳು ಅವುಗಳೊಳಗೆ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಹುದುಗಿರುತ್ತವೆ. ಒಂದೊಂದು ಮೊಗ್ಗಿನಲ್ಲಿ 50ರಿಂದ 100 ಕೋಶಗಳು, ಬೆಳ್ಳುಳ್ಳಿ ಎಸಳುಗಳ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ತುದಿಯಲ್ಲೊಂದು ಸಣ್ಣ ರಂಧ್ರ. ಜೊಲ್ಲಿನಲ್ಲಿ ಕರಗಿದ್ದಕ್ಕೆ ಮಾತ್ರ ಅಲ್ಲಿ ಪ್ರವೇಶ. ನಾಲಿಗೆಯನ್ನು ಚೆನ್ನಾಗಿ ಒಣಗಿಸಿ ಸಕ್ಕರೆ ಹರಳಿಟ್ಟರೆ ಜೊಲ್ಲು ಊರುವ ತನಕ ಸಿಹಿ ತಿಳಿಯದು. ಈ ಕೋಶಗಳು ಸರಾಸರಿ ಹತ್ತು ದಿನಕ್ಕೊಮ್ಮೆ ಸತ್ತು ಹೊಸದಾಗುತ್ತವೆ. ಬಿಸಿ ಕಾಫಿ ಸುಟ್ಟ ನಾಲಿಗೆ ಮತ್ತೆ ದಾರಿಗೆ ಬರುವುದು ಹೀಗೆ. (ತುದಿಗೆ ಸಿಹಿ, ಹಿಂಬದಿಗೆ ಕಹಿ ಎಂದು ನಾಲಿಗೆಯನ್ನು ಹೋಬಳಿಗಳಾಗಿ ಹಂಚಿದ ಶಾಲಾ ಪುಸ್ತಕದ ನಕ್ಷೆಯನ್ನು ಮರೆತುಬಿಡಿ. ಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ಸಿಗುತ್ತದೆ.)

ರುಚಿಯ ವಸ್ತುವನ್ನು ಗುರುತಿಸಿ ಹಿಡಿಯುವ ಕೋಶದ ಭಾಗಕ್ಕೆ ಗ್ರಾಹಕ ಎನ್ನುತ್ತಾರೆ. ಸಿಹಿ ಹಿಡಿಯಲು ಮುಖ್ಯವಾಗಿ ಒಂದೇ ಬಗೆಯ ಗ್ರಾಹಕವಿದ್ದರೆ, ಕಹಿಗೆ ಸುಮಾರು 25. ವಿಷದ ಸಸ್ಯಗಳಲ್ಲಿ ಬಹಳಷ್ಟು ಕಹಿ, ಹಾಗಾಗಿ ಇಷ್ಟು ಕಾವಲು. ಆದರೆ ಒಂದೇ ಕೋಶದಲ್ಲಿ ಹಲವು ಬಗೆಯ ಕಹಿಗ್ರಾಹಕಗಳು ಒಟ್ಟಿಗಿರುವುದರಿಂದ ಬೇವಿನ ಮೇಲೂ ಹಾಗಲದ ಮೇಲೂ ಮಿದುಳಿಗೆ ಹೋಗುವ ದೂರು ಹೆಚ್ಚುಕಮ್ಮಿ ಒಂದೇ.

ಈ ದೂರನ್ನು ಉಪ್ಪು ಬಾಯಲ್ಲೇ ತಡೆಯುತ್ತದೆ. ಬೆಲ್ಲದ ಕೈವಾಡ ನಡೆಯುವುದು ತಲೆಯಲ್ಲಿ. ನಾಲಿಗೆಯ ಒಂದು ಮಗ್ಗುಲಿಗೆ ಕಹಿ, ಇನ್ನೊಂದಕ್ಕೆ ಸಿಹಿ, ಒಂದಕ್ಕೊಂದು ತಾಗದಂತೆ ಇಟ್ಟರೂ ಕಹಿ ತಗ್ಗುತ್ತದೆ. ಸಿಹಿಯ ಜಾಗದಲ್ಲಿ ಉಪ್ಪಿಟ್ಟರೆ ಅಷ್ಟಾಗಿ ತಗ್ಗದು. ಉಪ್ಪು ಕಹಿಯ ಜೊತೆಗೇ ಇರಬೇಕು. ಗೊಜ್ಜಿಗೆ ಬೆಲ್ಲದ ಮೇಲೆ ಬೆಲ್ಲ ಸುರಿದು ಪಾನಕ ಮಾಡುವವರು ಅದಕ್ಕೆ ಮುಂಚೆ ಅರ್ಧ ಚಿಟಿಕೆ ಉಪ್ಪು ಹಾಕಿ ನೋಡಬಾರದೇ?

ಸಿಹಿಗೇ ಟೋಪಿ ಹಾಕುವ ಎಲೆಯೂ ಒಂದಿದೆ, ಮಧುನಾಶಿನಿ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಬಳ್ಳಿ. ಎರಡು ಎಲೆ ಒಂದು ನಿಮಿಷ ಅಗಿದು, ರಸವನ್ನು ಬಾಯೆಲ್ಲ ಆಡಿಸಿ, ಉಗಿದು, ಸಕ್ಕರೆ ಹಾಕಿಕೊಂಡರೆ ಮರಳು ಅಗಿದಂತಾಗುತ್ತದೆ. ಉಪ್ಪು, ಹುಳಿಗೆ ಏನೂ ಆಗದು. ಎಲೆಯ ಜಿಮ್ನೆಮಿಕ್ ಆಮ್ಲ ಸಿಹಿಯ ಗ್ರಾಹಕಕ್ಕೆ ಅಂಟಿಕೊಂಡು ಅರ್ಧ ಗಂಟೆಯಾದರೂ ಬಾಗಿಲು ಹಾಕಿರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ರಸ ನುಂಗದಿರುವುದು ಒಳ್ಳೆಯದು. ಅದೂ ರಕ್ತದ ಸಕ್ಕರೆ ಇಳಿಸಬಲ್ಲದು.

ಖಾರ, ಒಗರು ಎರಡನ್ನೂ ಆಯುರ್ವೇದ ಆರು ರಸಗಳಲ್ಲಿ ಎಣಿಸುತ್ತದೆ. ಮೊಗ್ಗುಗಳ ದಫ್ತರದಲ್ಲಿ ಮಾತ್ರ ಎರಡಕ್ಕೂ ಖಾತೆಯಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮುಟ್ಟುವುದು ಬಿಸಿ ಗ್ರಹಿಸುವ ನರವನ್ನು. ಅದು ನೀರಿನಲ್ಲಿ ಕರಗದ ಕಾರಣ ಚೊಂಬುಗಟ್ಟಲೆ ನೀರು ಕುಡಿದವರಿಗೆ ಹೊಟ್ಟೆ ಉಬ್ಬುತ್ತದೆ, ಉರಿ ಆರುವುದಿಲ್ಲ. ಹಾಲು, ಮೊಸರೇ ಮದ್ದು. ಒಗರು ಅದಕ್ಕಿಂತ ಸ್ವಾರಸ್ಯದ್ದು. ಬಾಳೆಹೂವಿನ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಗಂಟುಬಿದ್ದು ಅದರ ಜಾರುಗುಣವನ್ನೇ ತೆಗೆದುಬಿಡುತ್ತದೆ. ನಾಲಿಗೆ ಅಂಗುಳಕ್ಕೆ ಒರಟೊರಟಾಗಿ ಉಜ್ಜುತ್ತದೆ. ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಹೆಚ್ಚಿದ ಬಾಳೆಹೂವನ್ನು ಮಜ್ಜಿಗೆ ನೀರಲ್ಲಿ ನೆನೆಸುವ ಪದ್ಧತಿಯಲ್ಲಿ ಈ ರಸಾಯನಶಾಸ್ತ್ರ ಪೂರ್ತಿ ಅಡಗಿದೆ. ಟ್ಯಾನಿನ್‌ಗೆ ಗಂಟುಬೀಳಲು ಮಜ್ಜಿಗೆಯ ಪ್ರೋಟೀನು ಮೊದಲೇ ಸಿಕ್ಕಿರುತ್ತದಲ್ಲ!

ಕೊನೆಗೆ ಪಾಯಸ. ಸಿಹಿಯ ಸುದ್ದಿ ನರಕ್ಕೆ ದಾಟಿಸುವ ಕೋಶದ್ವಾರ ತಣ್ಣಗಿದ್ದಾಗ ಮಂದ, ಬೆಚ್ಚಗಾದಂತೆ ಚುರುಕು. ಒಲೆಯ ಪಕ್ಕ ರುಚಿ ನೋಡಿ ‘ಸರಿಯಾಗಿದೆ’ ಎಂದು ಫ್ರಿಜ್ಜಿಗೆ ಸೇರಿಸಿದ ಪಾಯಸ ಬಡಿಸುವಾಗ ಸಪ್ಪೆಯಾಗುವುದು ಇದರಿಂದ. ತಣ್ಣಗೆ ಕೊಡುವುದಾದರೆ ಬೆಚ್ಚಗಿರುವಾಗ ಸಿಹಿ ತುಸು ಮುಂದಾಗಿಯೇ ಇರಲಿ. ಏಲಕ್ಕಿಯ ಲೆಕ್ಕ ಬೇರೆ, ಅದು ಮೂಗಿನ ಪಾಲು. ಆದರೆ ತಣ್ಣಗಾದರೆ ಪರಿಮಳವೂ ಕಡಿಮೆ ಏಳುತ್ತದೆ, ಇನ್ನೊಂದು ಕಾಯಿ ಕುಟ್ಟಿ ಹಾಕಿ.