ಟಿಕೆಟ್ ದುಡ್ಡು ಎಲ್ಲಿಗೆ ಹೋಗುತ್ತದೆ?

ಬಡ ದೇಶಗಳಿಗೆ ಪ್ರವಾಸೋದ್ಯಮವೇ ದಾರಿ ಎಂಬ ಮಾತು ಎಷ್ಟು ಹಳೆಯದೋ, ನಮ್ಮ ಬೀದರಿಗೆ ಪ್ರವಾಸೋದ್ಯಮವೇ ಭವಿಷ್ಯ ಎಂಬ ಭಾಷಣವೂ ಅಷ್ಟೇ ಹಳೆಯದು. ಎರಡರಲ್ಲೂ ಮೊದಲು ಕೇಳಿಬರುವುದು ವಿಮಾನ ನಿಲ್ದಾಣ ಮತ್ತು ಹೋಟೆಲು. ಬಂದವರ ಹಣ ಯಾರ ಕೈ ಸೇರುತ್ತದೆ, ಅದರಲ್ಲಿ ಊರಿಗೆ ಎಷ್ಟು ಉಳಿಯುತ್ತದೆ, ಕೆಲಸ ಕೆಟ್ಟರೆ ಯಾರನ್ನು ಕೇಳಬೇಕು ಎಂಬ ವಿಚಾರಗಳಿಗೆ ಸರದಿಯೇ ಬರುವುದಿಲ್ಲ. ಅವು ಮೊದಲು ಬರಬೇಕೆಂಬುದು ನನ್ನ ವಾದ.

ನೇಪಾಳವನ್ನು ನೋಡಿ. ಚೀನಾದ ಬ್ಯಾಂಕಿನಿಂದ ಇಪ್ಪತ್ತು ಕೋಟಿ ಡಾಲರಿಗೂ ಹೆಚ್ಚು ಸಾಲ ಪಡೆದು ಕಟ್ಟಿದ ಪೋಖರಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2023ರ ಜನವರಿ 1ರಂದು ಉದ್ಘಾಟನೆಯಾಯಿತು. ಆದರೆ ನೆಚ್ಚಿಕೊಂಡಿದ್ದ ವಿದೇಶಿ ವಿಮಾನಗಳು ಬರಲಿಲ್ಲ. ಅಲ್ಲಿ ನಿಲ್ದಾಣಗಳನ್ನು ನಡೆಸುವ ಪ್ರಾಧಿಕಾರವೇ ಸುರಕ್ಷತೆಯನ್ನೂ ಪರೀಕ್ಷಿಸುತ್ತದೆ, ಅಂದರೆ ಪರೀಕ್ಷೆ ಬರೆಯುವವನೇ ಅಂಕವನ್ನೂ ಹಾಕಿಕೊಳ್ಳುತ್ತಾನೆ. ಯುರೋಪಿಯನ್ ಒಕ್ಕೂಟವು 2013ರಲ್ಲಿ ನೇಪಾಳದ ವಿಮಾನ ಸಂಸ್ಥೆಗಳನ್ನೆಲ್ಲ ನಿಷೇಧದ ಪಟ್ಟಿಗೆ ಸೇರಿಸಿತು, ದಶಕ ಕಳೆದರೂ ತೆಗೆಯಲಿಲ್ಲ. ಪ್ರಾಧಿಕಾರವನ್ನು ಎರಡಾಗಿ ಒಡೆಯಬೇಕೆಂಬ ಸಲಹೆ ವರ್ಷಗಳಿಂದ ಇದೆ. ಅದಕ್ಕೆ ಸಾಲ ಬೇಕಿರಲಿಲ್ಲ, ಒಂದು ಕಾನೂನು ಸಾಕಿತ್ತು. ಕಾನೂನಿಗೆ ಅಡಿಗಲ್ಲು ಹಾಕಿ ಫೋಟೋ ತೆಗೆಸಿಕೊಳ್ಳಲು ಬರುವುದಿಲ್ಲವಲ್ಲ.

ಕಾಂಬೋಡಿಯಾದಲ್ಲಿ ಅಂಗ್ಕೋರ್ ದೇಗುಲಗಳ ಟಿಕೆಟ್ ಮಾರಾಟ 2015ರ ಕೊನೆಯವರೆಗೂ ಖಾಸಗಿ ಕಂಪನಿಯ ಕೈಯಲ್ಲಿತ್ತು. ಬಳಿಕ ಸರ್ಕಾರವೇ ಅದನ್ನು ವಹಿಸಿಕೊಂಡಿತು. ರುವಾಂಡಾ ಇನ್ನೂ ಮುಂದೆ ಹೋಯಿತು. 1994ರ ನರಮೇಧದಿಂದ ಆಡಳಿತವೇ ಕುಸಿದಿದ್ದ ಆ ದೇಶ, ಗೊರಿಲ್ಲಾಗಳನ್ನು ನೋಡುವ ಪರವಾನಗಿಯ ದರವನ್ನು 2017ರಲ್ಲಿ 1,500 ಡಾಲರಿಗೆ ಏರಿಸಿತು; 2005ರಿಂದ ಸುತ್ತಲಿನ ಹಳ್ಳಿಗಳಿಗೆ ಕೊಡುತ್ತಿದ್ದ ಉದ್ಯಾನದ ಆದಾಯದ ಶೇ. 5ರ ಪಾಲನ್ನೂ ಅದೇ ವರ್ಷ ಶೇ. 10ಕ್ಕೆ ಹೆಚ್ಚಿಸಿತು. ಅಲ್ಲಿನ ಸರ್ಕಾರದ ದಬ್ಬಾಳಿಕೆಯ ಬಗ್ಗೆ ಇರುವ ದೂರುಗಳು ಹುಸಿಯಲ್ಲ. ಆದರೆ ಕಾಡಂಚಿನ ರೈತನಿಗೆ ಗೊರಿಲ್ಲಾ ಬದುಕಿರುವುದರಿಂದ ಲಾಭವಿದೆ ಎಂಬ ಲೆಕ್ಕವನ್ನು ಅದು ಸರಿಯಾಗಿ ಹಿಡಿದಿದೆ. ಇಡೀ ದೇಶದ ಆಡಳಿತ ಸುಧಾರಿಸಲೆಂದು ಕಾಯದೆ ಒಂದು ಸ್ಥಳವನ್ನು ಆರಿಸಿ, ಅಲ್ಲಿನ ಹಣದ ದಾರಿಯನ್ನು ಸ್ಪಷ್ಟಪಡಿಸುವುದು ಬಡ ದೇಶಕ್ಕೂ ಸಾಧ್ಯ.

ಬೀದರ್ ದೇಶವಲ್ಲ, ಜಿಲ್ಲೆ. ಆದರೂ ರೋಗಲಕ್ಷಣಗಳು ಹೋಲುತ್ತವೆ. ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಂಬಜ್‌ಗಳು ಕೇಂದ್ರದ ಪುರಾತತ್ವ ಇಲಾಖೆಯವು. ಹೊರಗಿನ ಚರಂಡಿ ಸ್ಥಳೀಯ ಸಂಸ್ಥೆಯದು, ಪ್ರಚಾರ ರಾಜ್ಯ ಪ್ರವಾಸೋದ್ಯಮ ಇಲಾಖೆಯದು. ವಿಮಾನ ಇಳಿಯುವ ರನ್‌ವೇ ವಾಯುಪಡೆಯದು. 2020ರಲ್ಲಿ ಶುರುವಾದ ಬೆಂಗಳೂರು ವಿಮಾನ ನಡುನಡುವೆ ನಿಂತು ಮತ್ತೆ ಬಂದಿದೆ. ದಖ್ಖನ್ ಸುಲ್ತಾನರ ಸ್ಮಾರಕಗಳ ಹೆಸರಿನಲ್ಲಿ ಬೀದರ್, ಕಲಬುರಗಿಗಳು 2014ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಇಷ್ಟರ ನಡುವೆ, ಹೈದರಾಬಾದಿನಿಂದ ಬೆಳಿಗ್ಗೆ ಬಂದವರು ಕೋಟೆ ನೋಡಿ ಸಂಜೆಗೆ ಮರಳುತ್ತಾರೆ. ರಾತ್ರಿಯ ಊಟ, ವಸತಿಯ ಖರ್ಚೆಲ್ಲ ಹೈದರಾಬಾದಿನಲ್ಲಿಯೇ.

ಆದ್ದರಿಂದ ಹೊಸ ಯೋಜನೆಗಿಂತ ಮೊದಲು ನಾನು ಕೇಳುವುದು ಇಷ್ಟು: ಈ ಸ್ಮಾರಕಗಳಿಗೆಲ್ಲ ಸೇರಿ ಉತ್ತರದಾಯಿಯಾದ ಒಂದೇ ಪ್ರಾಧಿಕಾರ, ಪ್ರವಾಸಿಗರಿಂದ ಬರುವ ಆದಾಯದಲ್ಲಿ ಬಿದರಿ ಲೋಹಕಲೆಯ ಕುಶಲಕರ್ಮಿಗಳಿಗೂ ಸ್ಮಾರಕದ ಸುತ್ತಲಿನ ನಿವಾಸಿಗಳಿಗೂ ಕಾನೂನಿನಿಂದಲೇ ನಿಗದಿಯಾದ ಪಾಲು, ಮತ್ತು ಆ ಲೆಕ್ಕವನ್ನು ಪ್ರತಿ ವರ್ಷ ಕನ್ನಡದಲ್ಲಿ, ಉರ್ದುವಿನಲ್ಲಿ ಕೋಟೆಯ ಬಾಗಿಲ ಬಳಿಯೇ ಅಂಟಿಸುವ ವ್ಯವಸ್ಥೆ.